ಡಿಮ್ಮು, ಡಿಪ್ಪು, ದೊಡ್ಡಪ್ಪ

ಧನುರ್ಮಾಸ ಬಂತೆಂದರೆ ನಮ್ಮ ಯಲ್ದೂರಿನಲ್ಲಿ ಮಂಜಿನ ವಿಷಯಕ್ಕೆ ಒಬ್ಬರ ಮಾತು ಇನ್ನೊಬ್ಬರಿಗೆ ಹೊಂದುವುದಿಲ್ಲ. ರಾಗಿಹೊಲದ ಸಾಲಿನಲ್ಲಿ ಅವರೆ ಹಾಕಿದವರು ಬೆಳಗಾಗೆದ್ದು ಮಂಜು ನೋಡಿ ಹಿಗ್ಗುತ್ತಾರೆ. ಇಬ್ಬನಿ ಕುಡಿದಷ್ಟೂ ಕಾಯಿಗೆ ಸೊಗಡು ಏರುತ್ತದೆ ಎಂಬುದು ಅವರ ಲೆಕ್ಕ. ಮಾವಿನ ತೋಪಿನವರು ಅದೇ ಮಂಜನ್ನು ನೋಡಿ ಹಲ್ಲು ಕಡಿಯುತ್ತಾರೆ. ಶ್ರೀನಿವಾಸಪುರ ತಾಲ್ಲೂಕೆಂದರೆ ಮಾವು. ಹೂ ಬಿಡುವ ಹೊತ್ತಿಗೆ ಮಂಜು ಕೂತರೆ ಬೂದಿರೋಗಕ್ಕೂ ಜಿಗಿಹುಳಕ್ಕೂ ಹಬ್ಬ. ಔಷಧಿ ಅಂಗಡಿಯವನಿಗೆ ಅದಕ್ಕಿಂತ ದೊಡ್ಡ ಹಬ್ಬ. ಟೊಮೆಟೊ ಬೆಳೆದವರು ಎಲೆ ಮಗುಚಿ ನೋಡಿ ಅಂಗಮಾರಿ ಬಂತೇನೋ ಎಂದು ಗೊಣಗುತ್ತಾರೆ. ಡೈರಿಗೆ ಹಾಲು ಹಾಕಲು ಹೊರಟ ಹೆಂಗಸರು ಕ್ಯಾನು ಹಿಡಿದುಕೊಂಡು, ಎದುರಿಗೆ ಬಂದವರು ಯಾರೆಂದು ಕಾಣದೆ, ಎಲ್ಲರನ್ನೂ ಒಟ್ಟಿಗೇ ಮಾತಾಡಿಸಿಬಿಡುತ್ತಾರೆ. ಇವರೆಲ್ಲರ ನಡುವೆ, ಸೋಮವಾರ ಬೆಳಗಿನ ಜಾವ ಬೆಂಗಳೂರಿಗೆ ಕಾರು ಹೊರಡಿಸಬೇಕಾದ ನನ್ನಂಥವರ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ.

ಕೇಳದಿದ್ದರೂ ಸಲಹೆ ಕೊಡುವವರು ಒಬ್ಬರಿದ್ದಾರೆ, ನಮ್ಮ ದೊಡ್ಡಪ್ಪ. ವಯಸ್ಸಿನಲ್ಲಿ ಲಾರಿ ಓಡಿಸಿದವರು. ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಬಾಕ್ಸು ತುಂಬಿಕೊಂಡು ಮುಳಬಾಗಿಲು, ನಂಗಲಿ, ಪಲಮನೇರು ದಾಟಿ, ಮೊಗಿಲಿ ಘಾಟಿ ಇಳಿದು, ಚಿತ್ತೂರಿನ ಮೇಲೆ ಮದ್ರಾಸಿನ ಕೋಯಂಬೇಡು ಮಾರ್ಕೆಟ್ಟಿಗೆ ಬೆಳಕು ಹರಿಯುವುದರೊಳಗೆ ಮುಟ್ಟಿಸುವುದು ಅವರ ಕೆಲಸ. ತಡವಾದರೆ ಅಲ್ಲಿನ ಮಂಡಿಯವರು ಬೆಲೆ ಇಳಿಸುತ್ತಾರೆ, ಇಲ್ಲಿನ ಮಾಲೀಕರು ಧ್ವನಿ ಏರಿಸುತ್ತಾರೆ. ಆದರೂ ಮಂಜು ಬಿದ್ದ ರಾತ್ರಿ ದೊಡ್ಡಪ್ಪ ಘಾಟಿಗೆ ಮುಂಚೆಯೇ ಲಾರಿಯನ್ನು ರಸ್ತೆಯಿಂದ ಪೂರ್ತಿ ಕೆಳಗಿಳಿಸಿ, ಹೋಟೆಲಿನ ಮುಂದೆ ನಿಲ್ಲಿಸಿ, ಟೀ ಕುಡಿದು, ಬೀಡಿ ಸೇದಿ, ಮಂಜು ಎಷ್ಟು ತೆಳುವಾಯಿತೆಂದು ಎದ್ದು ನೋಡಿ, ಇನ್ನೊಂದು ಟೀ ಹೇಳುತ್ತಿದ್ದರಂತೆ. ಮಾಲೀಕರು ಕೇಳಿದರೆ ಒಂದೇ ಉತ್ತರ: "ಟೊಮೆಟೊ ಕೆಟ್ರೆ ಸಾಸ್ ಮಾಡ್ಕೋತಾರೆ. ನಾನು ಕೆಟ್ರೆ ಏನ್ ಮಾಡ್ಕೋತೀರಾ?"

ಈಗ ಲಾರಿ ಇಲ್ಲ. ಡ್ರೈವರಿಕೆ ಮಾತ್ರ ಉಳಿದುಕೊಂಡಿದೆ. ನಾನು ಕಾರಿನ ಬೀಗದ ಕೈ ಎತ್ತಿಕೊಂಡರೆ ಸಾಕು, ಜಗಲಿಯಿಂದ ಧ್ವನಿ ಬರುತ್ತದೆ: "ಮೆಲ್ಲಗಾ ಪೋ ನಾಯ್ನಾ." ನಮ್ಮ ಸೀಮೆಯಲ್ಲಿ ಕೋಪಕ್ಕೆ ಕನ್ನಡ, ಅಕ್ಕರೆಗೆ ತೆಲುಗು, ಕೆಲವು ಮನೆಗಳಲ್ಲಿ ಇದು ತಿರುವುಮುರುವು. ಆ ತೆಲುಗಿನ ಹಿಂದೆ ಕನ್ನಡದಲ್ಲಿ ದೊಡ್ಡಪ್ಪನ ಪಾಠ ಶುರುವಾಗುತ್ತದೆ.

ಮೊದಲ ಪಾಠ ಲೈಟಿನದು. ಮಂಜು ಕಂಡ ಕೂಡಲೇ ಹೊಸಬರು ಮಾಡುವ ಕೆಲಸ ಹೈ ಬೀಮ್ ಹಾಕುವುದು. ಕತ್ತಲೆಗಾದರೆ ಅದು ಸರಿ. ಮಂಜೆಂದರೆ ಗಾಳಿಯಲ್ಲಿ ತೇಲುವ ಸಣ್ಣ ಸಣ್ಣ ನೀರಹನಿಗಳು. ಎತ್ತರಕ್ಕೆ ಬಿಟ್ಟ ಬೆಳಕು ಆ ಹನಿಗಳಿಗೆ ತಾಗಿ ನಮ್ಮ ಕಣ್ಣಿಗೇ ವಾಪಸ್ಸು ಬರುತ್ತದೆ. ಬಾನೆಟ್ಟಿನ ಮುಂದೆ ಯಾರೋ ಬಿಳಿ ಪಂಚೆ ಒಣಹಾಕಿದ ಹಾಗೆ ಕಾಣುತ್ತದೆ, ಅಷ್ಟೆ. ಡಿಮ್ ಮಾಡಿದರೆ ಬೆಳಕು ಕೆಳಗೆ ಬಿದ್ದು ರಸ್ತೆ ಒಂದಿಷ್ಟಾದರೂ ಕಾಣುತ್ತದೆ. ಫಾಗ್ ಲ್ಯಾಂಪನ್ನು ಬಂಪರಿನಷ್ಟು ಕೆಳಗೆ ಕೂರಿಸುವುದೂ ಇದೇ ಕಾರಣಕ್ಕೆ. ದೊಡ್ಡಪ್ಪನ ಲಾರಿಗೆ ಫಾಗ್ ಲ್ಯಾಂಪ್ ಎಲ್ಲಿಂದ ಬರಬೇಕು? ಹೆಡ್‌ಲೈಟಿನ ಗಾಜಿನ ನಡುವೆ ಆಗಿನ ರೂಢಿಯ ಕಪ್ಪು ಬಣ್ಣದ ಬೊಟ್ಟು. ಚಳಿಗಾಲಕ್ಕೆ ಅದರ ಮೇಲೊಂದು ಹಳದಿ ಜಿಲೆಟಿನ್ ಕಾಗದ. ಮುಂಗಾಜಿನ ಮೇಲೆ ನೀರು ನಿಲ್ಲದಿರಲಿ ಎಂದು ಬೀಡಿ ಬಿಚ್ಚಿ, ಒಳಗಿನ ಹೊಗೆಸೊಪ್ಪನ್ನು ಒದ್ದೆ ಮಾಡಿ ಉಜ್ಜುತ್ತಿದ್ದರು. ಹೊಗೆಸೊಪ್ಪಿನಿಂದ ಒಂದು ಜೀವಕ್ಕೆ ಒಳ್ಳೆಯದಾದದ್ದೆಂದರೆ ಇದೊಂದೇ ಇರಬೇಕು.

ಎರಡನೆಯದು ಸ್ಪೀಡಿನ ಪಾಠ. "ಎಷ್ಟು ದೂರ ಕಾಣುತ್ತೋ ಅಷ್ಟರೊಳಗೆ ನಿಲ್ಲೋ ಹಂಗೆ ಓಡ್ಸು. ಕಾಣದೇ ಇರೋ ಕಡೆಗೆ ಓಡಬ್ಯಾಡ." ಶಾಲೆಯ ಭೌತಶಾಸ್ತ್ರದಲ್ಲಿ ಇದನ್ನೇ ನನಗೆ ಒಂದು ಪುಟ ಸೂತ್ರ ಬರೆಸಿ ಕಲಿಸಿದ್ದರು. ಗಂಟೆಗೆ 60 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಕಣ್ಣಿಗೆ ಕಂಡದ್ದು ತಲೆಗೆ ಹೋಗಿ, ತಲೆಯಿಂದ ಕಾಲಿಗಿಳಿದು, ಕಾಲು ಬ್ರೇಕ್ ಮುಟ್ಟುವಷ್ಟರಲ್ಲಿ ಒಂದು ಸೆಕೆಂಡಿಗಿಂತ ಹೆಚ್ಚೇ ಕಳೆದಿರುತ್ತದೆ. ಆಮೇಲೆ ಗಾಡಿ ನಿಲ್ಲಬೇಕು. ಒಣರಸ್ತೆಯಲ್ಲೇ ಒಟ್ಟು 40 ಮೀಟರ್ ಬೇಕು; ಇಬ್ಬನಿಯಲ್ಲಿ ನೆಂದ ಟಾರಿನ ಮೇಲೆ ಇನ್ನೂ ಹೆಚ್ಚು. ಹವಾಮಾನ ಇಲಾಖೆಯ ಲೆಕ್ಕದಲ್ಲಿ 1000 ಮೀಟರಿಗಿಂತ ಕಡಿಮೆ ಕಂಡರೆ ಮಂಜು, 200ಕ್ಕಿಂತ ಕಡಿಮೆಯಾದರೆ ದಟ್ಟ ಮಂಜು, 50ಕ್ಕಿಂತ ಕಡಿಮೆಯಾದರೆ ಅತಿ ದಟ್ಟ ಮಂಜು. ನಮ್ಮೂರ ಕೆರೆ ಏರಿಯ ಮೇಲೆ ಕೆಲವು ದಿನ ಕಾರಿನೊಳಗೆ ಕೂತವನಿಗೆ ಕಾರಿನ ಮೂತಿಯೇ ಕಾಣುವುದಿಲ್ಲ. ಇಲಾಖೆಯ ಪಟ್ಟಿಯಲ್ಲಿ ಅದಕ್ಕೆ ಹೆಸರಿಲ್ಲ. ದೊಡ್ಡಪ್ಪನ ಪಟ್ಟಿಯಲ್ಲಿದೆ: "ಮನೇಗೋಗಿ ಮಲಕ್ಕೋ."

ಮಂಜಿನಲ್ಲಿ ನಮಗೆ ನಮ್ಮ ವೇಗವೇ ಗೊತ್ತಾಗುವುದಿಲ್ಲವಂತೆ. 1998ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಕಾರ್ಡಿಫಿನ ಸಂಶೋಧಕರು ಹೀಗೆ ಬರೆದರು: ಪಕ್ಕದ ಮರ, ಕಂಬ ಮಸುಕಾದರೆ ಅವು ಹಿಂದಕ್ಕೆ ಓಡುವುದು ನಿಧಾನವಾಗಿ ಕಾಣುತ್ತದೆ, ಹಾಗಾಗಿ ಡ್ರೈವರು ತಾನು ಮೆಲ್ಲಗೆ ಹೋಗುತ್ತಿದ್ದೇನೆಂದುಕೊಂಡು ಆಕ್ಸಿಲರೇಟರ್ ಒತ್ತುತ್ತಾನೆ. 2012ರಲ್ಲಿ 'ಈಲೈಫ್' ಪತ್ರಿಕೆಯಲ್ಲಿ ಜರ್ಮನಿಯ ಇನ್ನೊಂದು ತಂಡ ಇದನ್ನು ತಿರುಗಿಸಿ ಹಾಕಿತು: ನಿಜವಾದ ಮಂಜು ಹತ್ತಿರದಲ್ಲಿ ತೆಳು, ದೂರಕ್ಕೆ ದಟ್ಟ, ಅಂಥ ಮಂಜಿನಲ್ಲಿ ವೇಗ ಇರುವುದಕ್ಕಿಂತ ಹೆಚ್ಚೆನಿಸಿ ಮನುಷ್ಯ ತಾನಾಗೇ ನಿಧಾನಿಸುತ್ತಾನೆ ಎಂದರು. ಎರಡನ್ನೂ ದೊಡ್ಡಪ್ಪನಿಗೆ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಅವರ ಗಾಡೀಲಿ ಮೀಟ್ರು ಕೆಟ್ಟೋಗಿತ್ತಾ?" ಎಂದರು. ಮುಳ್ಳು ನೋಡಿ ಓಡಿಸಿದರೆ ಇಬ್ಬರು ವಿಜ್ಞಾನಿಗಳ ಜಗಳದಲ್ಲಿ ನಾವು ಸಾಯಬೇಕಾಗಿಲ್ಲ ಎಂಬುದು ತಾತ್ಪರ್ಯ.

ಮೂರನೆಯ ಪಾಠ ಕಿವಿಯದು. ಹಾಡು ನಿಲ್ಲಿಸಬೇಕು, ಗಾಜು ನಾಲ್ಕು ಬೆರಳು ಇಳಿಸಬೇಕು, ಮಾತಾಡುವವರನ್ನು ಸುಮ್ಮನಾಗಿಸಬೇಕು. ಈ ಕೊನೆಯ ಕೆಲಸ ದೊಡ್ಡಮ್ಮ ಕಾರಿನಲ್ಲಿದ್ದರೆ ಆಗುವುದಿಲ್ಲ. ಲಾರಿಯಲ್ಲಿ ಕ್ಲೀನರ್ ಹುಡುಗ ಎಡಬಾಗಿಲಿನಿಂದ ಅರ್ಧ ಮೈ ಹೊರಗೆ ಹಾಕಿ ರಸ್ತೆಯ ಅಂಚು ನೋಡುತ್ತಿದ್ದ. ಬಾಡಿಯ ತಗಡಿಗೆ ಎರಡು ಸಲ ಬಡಿದರೆ ರೈಟ್. ಒಂದು ಸಲ ಬಡಿದು "ಓಲ್ಡಾನ್" ಎಂದರೆ ಗಾಲಿ ಅಲ್ಲೇ ಕಚ್ಚಿಕೊಳ್ಳಬೇಕು. ಆ ಹುಡುಗನ ಜಾಗದಲ್ಲಿ ಈಗ ನನ್ನ ಕಾರಿನಲ್ಲಿ ದಾರಿ ಹೇಳುವ ಮೊಬೈಲಿನ ಹೆಣ್ಣುದನಿಯಿದೆ. ಎದುರಿಗೆ ಎಮ್ಮೆ ನಿಂತಿದ್ದರೂ "ನೇರವಾಗಿ ಮುಂದುವರಿಯಿರಿ" ಎನ್ನುತ್ತದೆ.

ಇನ್ನು ಕೆಲವು ಬಿಡಿ ಸೂಚನೆಗಳು. ನಾಲ್ಕೂ ಇಂಡಿಕೇಟರ್ ಮಿಣುಕಿಸುತ್ತಾ ಓಡಬೇಡ. ಹಿಂದಿನವನಿಗೆ ನೀನು ನಿಂತಿದ್ದೀಯೋ, ಹೋಗುತ್ತಿದ್ದೀಯೋ, ತಿರುಗುತ್ತೀಯೋ ಒಂದೂ ತಿಳಿಯುವುದಿಲ್ಲ. ಮುಂದಿನ ಲಾರಿಯ ಕೆಂಪು ದೀಪವನ್ನೇ ನಂಬಿ ಅಂಟಿಕೊಂಡು ಹೋಗಬೇಡ. ಅವನು ಗದ್ದೆಗೆ ಇಳಿದರೆ ನೀನೂ ಇಳಿಯುತ್ತೀಯೆ. ರಸ್ತೆಯ ಎಡ ಅಂಚಿನ ಬಿಳಿ ಗೆರೆಯನ್ನು ಬಿಡಬೇಡ. ಒಳಗಿನಿಂದ ಗಾಜು ಮಂಜಾದರೆ ಕೈಯಲ್ಲಿ ಒರೆಸಿ ರಂಗೋಲಿ ಮಾಡಬೇಡ, ಎಸಿ ಗಾಳಿಯನ್ನು ಗಾಜಿನ ಕಡೆ ತಿರುಗಿಸು. ಮತ್ತೆ ನಮ್ಮ ಸೀಮೆಗೇ ಮೀಸಲಾದ ಒಂದು ಸೂಚನೆ: ರಸ್ತೆಯ ಮೇಲೆ ಕಣ ಇರುತ್ತದೆ, ಹುಷಾರು.

ಇದನ್ನು ಹೊರಗಿನವರಿಗೆ ಬಿಡಿಸಿ ಹೇಳಬೇಕು. ಮಂಜು ಬೀಳುವ ಕಾಲವೂ ರಾಗಿ, ಹುರುಳಿ ಒಕ್ಕಣೆಯ ಕಾಲವೂ ಒಂದೇ. ಹಿಂದೆ ನೆಲ ಕೆತ್ತಿ, ಸಗಣಿ ಸಾರಿಸಿ, ರೋಣಗಲ್ಲು ಎಳೆಸಿ ಒಕ್ಕುತ್ತಿದ್ದರು. ಈಗ ಸರ್ಕಾರವೇ ಊರ ಮುಂದೆ ಗಟ್ಟಿಯಾದ ಕಪ್ಪು ಕಣ ಹಾಸಿಕೊಟ್ಟಿದೆ, ಬಾಡಿಗೆಯಿಲ್ಲದ ಗಾಲಿಗಳು ಅದರ ಮೇಲೆ ಹಗಲೆಲ್ಲಾ ಓಡಾಡುತ್ತವೆ. ತೆನೆ ಹರಡಿ ನೆರಳಲ್ಲಿ ಕೂತರೆ ಬೆಂಗಳೂರಿಗೆ ಹೋಗುವವರೆಲ್ಲ ಸೇರಿ ಒಕ್ಕಿಕೊಡುತ್ತಾರೆ. ಬೈಕು ಅದರ ಮೇಲೆ ಜಾರುತ್ತದೆ, ಹುರುಳಿ ಬಳ್ಳಿ ಕಾರಿನ ಗಾಲಿಗೆ ಸುತ್ತಿಕೊಳ್ಳುತ್ತದೆ, ಕಾದ ಸೈಲೆನ್ಸರಿಗೆ ಒಣಹುಲ್ಲು ತಾಗಿದರೆ ಬೆಂಕಿಯೇ ಹತ್ತಬಹುದು. ರಾತ್ರಿ ರಾಶಿಯ ಸುತ್ತ ಕಾವಲಿಗೆ ಕಲ್ಲು ಜೋಡಿಸುತ್ತಾರೆ. ಬೆಳಿಗ್ಗೆ ರಾಶಿ ಮನೆಗೆ ಹೋಗುತ್ತದೆ, ಕಲ್ಲು ರಸ್ತೆಯಲ್ಲೇ ಉಳಿಯುತ್ತದೆ. ಮಂಜಿನೊಳಗಿಂದ ಆ ಕಲ್ಲು ಹೆಡ್‌ಲೈಟಿಗೆ ಬೀಳುವಾಗ ಅದರ ಮೇಲೆ ಕೂತ ಇಬ್ಬನಿ ಮುತ್ತಿನ ಸಾಲಾಗಿ ಹೊಳೆಯುವುದೂ ಉಂಟು. ಸೌಂದರ್ಯ ಸವಿಯಲು ಸಿಗುವ ಸಮಯ ಸುಮಾರು ಒಂದು ಸೆಕೆಂಡು.

ಮಂಜು ಎಲ್ಲಿಂದ ಬರುತ್ತದೆ ಎಂಬ ಚರ್ಚೆಯೂ ನಮ್ಮ ಜಗಲಿಯಲ್ಲಿ ಆಗುತ್ತದೆ. ಹಿಂಗಾರು ಮಳೆಗೆ ನೆಂದ ನೆಲ. ಮೋಡವಿಲ್ಲದ ರಾತ್ರಿ ಭೂಮಿಯ ಶಾಖವೆಲ್ಲ ಆಕಾಶಕ್ಕೆ ಹೋಗಿ ನೆಲ ತಣ್ಣಗಾಗುತ್ತದೆ. ನೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ ಅದರ ತೇವ ಹನಿಗಟ್ಟುತ್ತದೆ. ಗಾಳಿ ಬೀಸದಿದ್ದರೆ ಅದು ಅಲ್ಲೇ ಕೂರುತ್ತದೆ, ತಗ್ಗಿನಲ್ಲಿ, ಕೆರೆಯಂಗಳದಲ್ಲಿ ಹೆಚ್ಚು. ನಾನು ಇಷ್ಟು ವಿವರಿಸಿದರೂ ದೊಡ್ಡಪ್ಪನ ಸ್ನೇಹಿತರೊಬ್ಬರು ಒಪ್ಪುವುದಿಲ್ಲ. ಕೋರಮಂಗಲ-ಚಲ್ಲಘಟ್ಟ ಕಣಿವೆಯ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸಲು ತೊಡಗಿದ್ದು 2018ರಲ್ಲಿ. ಮೊದಲು ತುಂಬಿದ್ದು ನರಸಾಪುರದ ಕಡೆಯ ಲಕ್ಷ್ಮೀಸಾಗರ ಕೆರೆ. ಅವರ ಪ್ರಕಾರ ಹೆದ್ದಾರಿಯ ಮಂಜೆಲ್ಲ ಆಮೇಲಿನದು. "ಬೆಂಗಳೂರಿನವರು ಸ್ನಾನ ಮಾಡಿದ ನೀರೇ ಬೆಳಿಗ್ಗೆ ಎದ್ದು ಊರಿಗೆ ವಾಪಸ್ ಹೊರಟಿರ್ತದೆ" ಎನ್ನುತ್ತಾರೆ. ದೊಡ್ಡಪ್ಪ ಲಾರಿ ನಿಲ್ಲಿಸಿ ಟೀ ಕುಡಿದ ಮಂಜುಗಳೆಲ್ಲ 2018ಕ್ಕಿಂತ ಎಷ್ಟೋ ಹಿಂದಿನವು. ಆದರೆ ಅಷ್ಟು ಚೆಂದದ ಸಿದ್ಧಾಂತವನ್ನು ಅಲ್ಲಗಳೆಯಲು ಯಾರಿಗೂ ಮನಸ್ಸಿಲ್ಲ.

ಹೀಗೆ ಕಲಿತು ಹೊರಟ ಮೇಲೆ ನನಗೊಂದು ಸಂಗತಿ ಕಾಣಿಸಿತು. ಮಂಜಿನ ರಸ್ತೆಯಲ್ಲಿ ಜನ ಬಹಳ ಸಂಭಾವಿತರು. ಎದುರಿನ ಟೊಮೆಟೊ ಕ್ಯಾಂಟರ್ ದೂರದಿಂದಲೇ ಒಮ್ಮೆ ಡಿಮ್-ಡಿಪ್ ಮಾಡುತ್ತದೆ: ಮುಂದೆ ಇನ್ನೂ ದಟ್ಟವಾಗಿದೆ, ಜೋಪಾನ. ನಾನೂ ಡಿಮ್-ಡಿಪ್ ಮಾಡುತ್ತೇನೆ: ತಿಳಿಯಿತಣ್ಣಾ. ಹಾಲಿನ ಕ್ಯಾನಿನ ಮೊಪೆಡ್ಡಿನವನು ಅಂಚಿಗೆ ಸರಿಯುತ್ತಾನೆ, ನಾನು ಅವನಿಗೂ ಅಂಚಿಗೂ ಜಾಗ ಬಿಟ್ಟು ಸುತ್ತಿ ಹೋಗುತ್ತೇನೆ. ಯಾರೂ ಯಾರನ್ನೂ ನುಗ್ಗಿ ಹಿಂದೆ ಹಾಕುವುದಿಲ್ಲ, ಸುಮ್ಮಸುಮ್ಮನೆ ಹಾರನ್ ಒತ್ತುವುದಿಲ್ಲ. ಕೋಲಾರ ಹತ್ತಿರವಾದಂತೆ ಅಂತರಗಂಗೆ ಬೆಟ್ಟ ತಲೆ ಹೊರಗೆ ಹಾಕುತ್ತದೆ. ಹೆದ್ದಾರಿ ಸೇರಿ, ನರಸಾಪುರ ಕಳೆದು, ಹೊಸಕೋಟೆ ಟೋಲ್ ಬರುವ ಹೊತ್ತಿಗೆ ಬಿಸಿಲು ಬಿದ್ದು ಎಲ್ಲವೂ ನಿಚ್ಚಳವಾಗಿ ಕಾಣುತ್ತದೆ. ಅಲ್ಲಿಂದ ಮುಂದೆ ಯಾರಿಗೂ ಯಾರೂ ಕಾಣುವುದಿಲ್ಲ.

ಕೆ.ಆರ್. ಪುರದ ಹ್ಯಾಂಗಿಂಗ್ ಬ್ರಿಡ್ಜ್ ಇಳಿದು ಟಿನ್ ಫ್ಯಾಕ್ಟರಿಯ ಬಳಿ ಒಂದು ಬೆಳಿಗ್ಗೆ ನಿಂತರೆ ಸಾಕು. ಕೋಲಾರದ ಬಸ್ಸಿಗೆ, ತಿರುಪತಿಯ ಬಸ್ಸಿಗೆ ಕಾಯುವವರು ಫುಟ್‌ಪಾತ್ ಬಿಟ್ಟು ಮೂರು ಹೆಜ್ಜೆ ಮುಂದೆ ನಿಂತಿರುತ್ತಾರೆ, ಬಸ್ಸು ಅವರಿಂದ ಮೂರು ಹೆಜ್ಜೆ ಮುಂದೆ ನಿಲ್ಲುತ್ತದೆ, ಉಳಿದದ್ದು ರಸ್ತೆ. ತಲೆಯ ಮೇಲೆ 2023ರ ಅಕ್ಟೋಬರಿನಿಂದ ಬೈಯಪ್ಪನಹಳ್ಳಿಗೂ ಕೆ.ಆರ್. ಪುರಕ್ಕೂ ಮೆಟ್ರೋ ಓಡುತ್ತಿದೆ. ಅದನ್ನು ಕತ್ತೆತ್ತಿ ನೋಡುವಷ್ಟು ಬಿಡುವು ಕೆಳಗಿನವರಿಗೆಲ್ಲ ಸಿಗುತ್ತದೆ. 2019ರಲ್ಲಿ ಟಾಮ್‌ಟಾಮ್ ಕಂಪನಿಯ ಟ್ರಾಫಿಕ್ ದಟ್ಟಣೆಯ ಪಟ್ಟಿಯಲ್ಲಿ ಬೆಂಗಳೂರು ಇಡೀ ಜಗತ್ತಿಗೇ ಮೊದಲ ಸ್ಥಾನ ಪಡೆದಿತ್ತು. ಖಾಲಿ ರಸ್ತೆಯಲ್ಲಿ ಆಗುವುದಕ್ಕಿಂತ ಸರಾಸರಿ ಶೇಕಡಾ 71ರಷ್ಟು ಹೆಚ್ಚು ಸಮಯ. ನಾವು ಯಾವುದರಲ್ಲಾದರೂ ಮೊದಲು ಬಂದೆವಲ್ಲ ಎಂದು ಆಫೀಸಿನಲ್ಲಿ ಒಬ್ಬರು ಸಿಹಿ ಹಂಚುವ ಮಾತಾಡಿದರು. ಅವರು ಬಂದದ್ದೇ ಹನ್ನೊಂದು ಗಂಟೆಗೆ.

ಇಲ್ಲೂ ಪಾಠಗಳಿವೆ. ಮುಂದಿನ ಗಾಡಿಗೂ ನಿಮಗೂ ಎರಡು ಸೆಕೆಂಡಿನ ಅಂತರ ಬಿಡಬೇಕು ಎನ್ನುತ್ತದೆ ಪುಸ್ತಕ. ಬಿಟ್ಟೆ. ಅಲ್ಲಿಗೊಂದು ಆಟೋ, ಆಟೋಗೂ ನನಗೂ ನಡುವೆ ಊಟ ತಲುಪಿಸುವ ಹುಡುಗನ ಸ್ಕೂಟರು, ಸ್ಕೂಟರಿಗೂ ನನಗೂ ನಡುವೆ ರಸ್ತೆ ದಾಟುವ ಅಜ್ಜಿ. ಪ್ರತಿಯೊಬ್ಬರಿಗೂ ಮತ್ತೆ ಎರಡು ಸೆಕೆಂಡು ಬಿಡುತ್ತಾ ಹೋದರೆ ನಾನು ಹಿಂದಕ್ಕೆ ಸರಿಯುತ್ತಾ ಹೊಸಕೋಟೆಗೇ ತಲುಪುತ್ತೇನೆ. ಆದರೂ ಬಿಡಬೇಕು. ಬೇರೆಯವರು ತುಂಬಿಕೊಂಡ ಜಾಗಕ್ಕೆ ನಮ್ಮ ನಷ್ಟ ಒಂದು ಕಾರಿನುದ್ದ, ಅಷ್ಟೇ. ಊರೊಳಗೆ ಇಂಡಿಕೇಟರನ್ನು ನಂಬಬಾರದು, ಮುಂಗಾಲಿಯನ್ನು ನೋಡಬೇಕು. ಇಂಡಿಕೇಟರ್ ಮರೆತುಹೋಗಿ ಉರಿಯುತ್ತಿರಬಹುದು, ಗಾಲಿ ಮಾತ್ರ ತಾನು ಹೋಗುವ ಕಡೆಗೇ ತಿರುಗುತ್ತದೆ. ಆಟೋದವರಿಗೆ ಇಂಡಿಕೇಟರೆಂದರೆ ಹೊರಚಾಚಿದ ಕಾಲು. ಎಡಕ್ಕೆ ತಿರುಗುವ ಮುಂಚೆ ಎಡಗನ್ನಡಿ ನೋಡಿ, ಕನ್ನಡಿಗೂ ಕಾಣದ ಮೂಲೆಯನ್ನು ಕತ್ತು ತಿರುಗಿಸಿ ನೋಡಬೇಕು. ಬೈಕಿನವನ ಖಾಯಂ ವಿಳಾಸ ಅದೇ. ದೊಡ್ಡ ಬಸ್ಸಿನ ಕನ್ನಡಿಯಲ್ಲಿ ಡ್ರೈವರಿನ ಮುಖ ನಮಗೆ ಕಾಣದಿದ್ದರೆ ಅವನಿಗೂ ನಾವು ಕಾಣುತ್ತಿಲ್ಲವೆಂದು ತಿಳಿಯಬೇಕು.

ದೊಡ್ಡಪ್ಪನ ಕಣ್ಣಿಗೆ ಪೊರೆ ಬಂದದ್ದು ಯಾರಿಗೂ ಬೇಗ ಗೊತ್ತಾಗಲಿಲ್ಲ. ಚೈತ್ರದ ಬಿಸಿಲಿನಲ್ಲಿ ಜಗಲಿಯ ಮೇಲೆ ಕೂತು, "ಇವತ್ತೂ ಮಂಜು ಬಿಟ್ಟಿಲ್ವಲ್ಲೇ" ಎಂದು ದೊಡ್ಡಮ್ಮನಿಗೆ ಹೇಳಿದಾಗ ಅವರು ಮೊದಲು ನಕ್ಕರು, ಆಮೇಲೆ ಹತ್ತಿರ ಬಂದು ಅವರ ಮುಖದ ಮುಂದೆ ಕೈಯಾಡಿಸಿ ನೋಡಿ ಸುಮ್ಮನಾದರು. ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದ ಕೆಲವು ವಾರಕ್ಕೆ, ಹೊಸ ಕಣ್ಣಿನಲ್ಲಿ ಬೆಂಗಳೂರು ನೋಡಬೇಕೆಂದು ನನ್ನ ಜೊತೆ ಹೊರಟರು. ಎಡಗಡೆ ಸೀಟಿನಲ್ಲಿ ಬೆಲ್ಟು ಬಿಗಿದುಕೊಂಡು ಕೂತ ಮನುಷ್ಯ ದಾರಿಯುದ್ದಕ್ಕೂ ಬಲಗಾಲಿನಲ್ಲಿ ಇಲ್ಲದ ಬ್ರೇಕನ್ನು ಒತ್ತುತ್ತಲೇ ಇದ್ದರು. ನಾನು ಒತ್ತುವುದಕ್ಕಿಂತ ಅರ್ಧ ಕ್ಷಣ ಮೊದಲೇ ಅವರ ಚಪ್ಪಲಿ ಮ್ಯಾಟಿಗೆ ಊರುತ್ತಿತ್ತು. ಕಣ್ಣು ಹೊಸದಾದರೂ ಕಾಲು ಹಳೆಯದೇ, ನನ್ನದಕ್ಕಿಂತ ಚುರುಕಾದದ್ದು. ಅದಕ್ಕೊಂದು ಪೆಡಲ್ ಕೊಡುವುದು ಇನ್ನು ಯಾರಿಂದಲೂ ಆಗದು ಎಂಬುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಇಬ್ಬರೂ ಆ ಮಾತೆತ್ತಲಿಲ್ಲ.

ಟಿನ್ ಫ್ಯಾಕ್ಟರಿಯಲ್ಲಿ ನಿಂತೆವು. ಹಿಂದಿನ ಕಾರಿನವನು ಡಿಮ್-ಡಿಪ್ ಮಾಡತೊಡಗಿದ. ದೊಡ್ಡಪ್ಪ ಹಿಂದೆ ತಿರುಗಿ, "ಏನೋ ಹೇಳ್ತಾವ್ನೆ ನೋಡಪ್ಪಾ, ನಮ್ ಗಾಡಿಗೇನಾದ್ರೂ ಆಗೈತಾ?" ಎಂದರು. ಏನೂ ಆಗಿಲ್ಲ ದೊಡ್ಡಪ್ಪಾ, ಜಾಗ ಬಿಡು ಅಂತಿದ್ದಾನೆ ಎಂದೆ. "ಜಾಗ ಎಲ್ಲೈತೆ?" ಎಂದರು. ಜಾಗ ಇಲ್ಲದ್ದು ಅವನಿಗೂ ಕಾಣುತ್ತಿತ್ತು. ಅವರು ಬಹಳ ಹೊತ್ತು ಆ ದೀಪವನ್ನೇ ಕನ್ನಡಿಯಲ್ಲಿ ನೋಡಿದರು. "ಮಂಜಲ್ಲಿ ಎದುರಿಗಿರೋನು ಯಾರೂಂತ ಕಾಣ್ದಿದ್ರೂ ದಾರಿ ಬಿಡ್ತಿದ್ವಿ. ಇಲ್ಲಿ ಮುಖ ನೋಡ್ಕಂಡೇ ಬಿಡಲ್ಲ ಅಂತಾರಲ್ಲಪ್ಪಾ" ಎಂದರು.

ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ನಮ್ಮ ಅಪಘಾತಗಳಲ್ಲಿ ಮುಕ್ಕಾಲು ಪಾಲಿನಷ್ಟು ಆಗುವುದು ಶುಭ್ರವಾದ ಬಿಸಿಲಿನಲ್ಲಿ. ವರ್ಷದಲ್ಲಿ ಬಿಸಿಲಿನ ದಿನಗಳೇ ಹೆಚ್ಚಲ್ಲವೇ ಎಂದು ಕೇಳಬಹುದು, ಅದೂ ನಿಜ. ಮಂಜೇನೂ ಸಾಧುವಲ್ಲ, ಉತ್ತರದ ಯಮುನಾ ಎಕ್ಸ್‌ಪ್ರೆಸ್‌ವೇಯಲ್ಲಿ ಒಂದರ ಹಿಂದೊಂದು ಗುದ್ದಿಕೊಂಡ ಗಾಡಿಗಳ ಚಿತ್ರ ಪ್ರತಿ ಚಳಿಗಾಲ ಪೇಪರಿನಲ್ಲಿ ಬರುತ್ತದೆ, ಅಲ್ಲಿ ಕಾರುಗಳ ವೇಗದ ಮಿತಿಯನ್ನು ಚಳಿಗಾಲಕ್ಕೆಂದೇ 100ರಿಂದ 75ಕ್ಕೆ ಇಳಿಸುತ್ತಾರೆ. ಆದರೆ ಮಂಜಿನಲ್ಲಿ ನಾವು ಹೆದರುತ್ತೇವೆ. ಹೆದರಿದವನ ಕಾಲು ಬ್ರೇಕಿನ ಹತ್ತಿರವೇ ಇರುತ್ತದೆ. ಬಿಸಿಲಿನಲ್ಲಿ ಎಲ್ಲ ಕಾಣುತ್ತದೆಂಬ ಧೈರ್ಯಕ್ಕೆ ಕಾಲಿನ ನೆನಪೇ ಹೋಗಿರುತ್ತದೆ.

ಪಾಠ ಎಷ್ಟೇ ಇದ್ದರೂ ಮಂಜಿನ ದಿನದ ಅತ್ಯುತ್ತಮ ಉಪಾಯ ಹೊರಡದೇ ಇರುವುದು. ದೇವನಹಳ್ಳಿಯ ಎರಡನೇ ರನ್‌ವೇಯಲ್ಲಿ 50 ಮೀಟರ್ ಕಂಡರೂ ವಿಮಾನ ಇಳಿಸುವಂಥ ಉಪಕರಣಗಳಿವೆಯಂತೆ. ನಮ್ಮ ಮನೆಯಲ್ಲಿರುವ ಉಪಕರಣ ಅಮ್ಮ. ಅವರೆ ಬೆಳೆದವರನ್ನು ಬಿಟ್ಟರೆ ಊರಿನಲ್ಲಿ ಮಂಜಿನ ಬಗ್ಗೆ ತಕರಾರೇ ಇಲ್ಲದ ಒಂದೇ ಒಂದು ಜೀವ. ಐದು ಗಂಟೆಗೆ ಬಾಗಿಲು ತೆಗೆದು, ಎದುರು ಮನೆ ಕಾಣುತ್ತದೋ ಇಲ್ಲವೋ ನೋಡಿ, ಕಾಣದಿದ್ದರೆ ಒಳಗೆ ಬಂದು ಸದ್ದಿಲ್ಲದೆ ಅವರೆಕಾಳಿನ ಉಪ್ಪಿಟ್ಟಿಗೆ ಇಡುತ್ತಾಳೆ. ಉಪ್ಪಿಟ್ಟು ಬೇಯಲು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಬಿಸಿಲು ಏರಿ ಎದುರು ಮನೆಯ ಹೆಂಚು ಕಂಡರೂ "ಕೆರೆ ಹತ್ರ ಇನ್ನೂ ಐತಂತೆ" ಎನ್ನುತ್ತಾಳೆ. ಕೆರೆಯ ಹತ್ತಿರದಿಂದ ಯಾರು ಬಂದು ಹೇಳಿದರೋ ನಾನು ಕೇಳುವುದಿಲ್ಲ.

ಆಫೀಸಿಗೆ ಮಾತ್ರ ತಿಳಿಸಬೇಕಲ್ಲ. ಒಂದು ಸಲ 'ಮಂಜು, ತಡವಾಗುತ್ತದೆ' ಎಂದು ಸಂದೇಶ ಕಳಿಸಿದ್ದಕ್ಕೆ, 'ಇಲ್ಲಿ ಬಿಸಿಲಿದೆಯಲ್ಲ, ಯಾವ ಮಂಜು?' ಎಂದು ಉತ್ತರ ಬಂತು. ಮಂಜು ಎಂಬ ಹೆಸರಿನವರು ನಮ್ಮ ಆಫೀಸಿನಲ್ಲಿ ಇಬ್ಬರಿದ್ದುದರಿಂದ ವಿಷಯ ಇನ್ನಷ್ಟು ಕೆಟ್ಟಿತು. ಬೆಂಗಳೂರಿನಲ್ಲಿ ಮರುಪ್ರಶ್ನೆಯಿಲ್ಲದೆ ನಡೆಯುವ ಕಾರಣ ಒಂದೇ. ಹಾಗಾಗಿ ಈಗ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು, ಉಪ್ಪಿಟ್ಟಿನ ತಟ್ಟೆ ತೊಡೆಯ ಮೇಲಿಟ್ಟುಕೊಂಡು, ಎಡಗೈಯಲ್ಲಿ ಬರೆಯುತ್ತೇನೆ: 'ಟಿನ್ ಫ್ಯಾಕ್ಟರಿಯಲ್ಲಿ ಟ್ರಾಫಿಕ್ ಜಾಮ್, ಬರುವುದು ತಡ.' ಒಡನೆ ಅನುಕಂಪದ ಉತ್ತರ ಬರುತ್ತದೆ.

ಇದು ಸುಳ್ಳಲ್ಲವೇನೋ ಎಂದು ಅಪ್ಪ ಒಮ್ಮೆ ಗದರಿದಾಗ ದೊಡ್ಡಪ್ಪ ನನ್ನ ಪರ ನಿಂತರು. "ಸುಳ್ಳೇನು ಬಂತು? ಬರ್ದಾಗ ಆಗಿರಲ್ಲ, ಇವನು ಹೋಗಿ ಸೇರೋದ್ರೊಳಗೆ ಆಗಿರ್ತದೆ" ಎಂದರು. ಇಲ್ಲಿಯವರೆಗೆ ಒಂದು ಸಲವೂ ಆ ಮಾತು ತಪ್ಪಿಲ್ಲ.